ಹಳೆ ಜಾವಾ ಅಸಲಿಯೇ? ಲೋಹದಲ್ಲಿ ಉಳಿಯುವ ಸಾಕ್ಷಿ

ಹಳೆಯ ಮೋಟಾರ್‌ಸೈಕಲ್ ಅಸಲಿ ಎನ್ನಿಸಿಕೊಳ್ಳಬೇಕಾದರೆ ಅದರ ಚಾಸಿ, ಎಂಜಿನ್, ಆರ್‌ಸಿ ಪುಸ್ತಕ ಮೂರೂ ಒಂದೇ ಗಾಡಿಯವಾಗಿರಬೇಕು. ಬಣ್ಣ, ಸೀಟು, ಕನ್ನಡಿಗಳ ಮಾತು ಆಮೇಲಿನದು. ಮೈಸೂರು, ಮಂಡ್ಯ ಸೀಮೆಯಲ್ಲಿ ಈ ಪ್ರಶ್ನೆ ಹೆಚ್ಚಾಗಿ ಏಳುವುದು ಜಾವಾ, ಯೆಜ್ಡಿಗಳ ವಿಷಯದಲ್ಲಿ. ಅವು ತಯಾರಾದದ್ದೇ ಮೈಸೂರಿನ ಯಾದವಗಿರಿಯಲ್ಲಿ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿತು. 1973ರಿಂದ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಹೊಸ ಬಿಡಿಭಾಗ ಬರುವುದು ನಿಂತ ಮೇಲೆ ಒಂದು ಗಾಡಿಯ ಚಾಸಿಗೆ ಇನ್ನೊಂದರ ಎಂಜಿನ್ ಕೂರಿಸಿ ಓಡಿಸುವುದು ಅನಿವಾರ್ಯವೂ ಆಯಿತು. ಅದರಲ್ಲಿ ತಪ್ಪೇನಿಲ್ಲ. ಅಂಥ ಜೋಡಣೆಯ ಗಾಡಿಯನ್ನು ‘ಒರಿಜಿನಲ್’ ಎಂದು ಮಾರುವುದು ಮಾತ್ರ ಮೋಸ.

ಮೊದಲು ನೋಡಬೇಕಾದದ್ದು ನಂಬರುಗಳನ್ನು. ಎಂಜಿನ್ ನಂಬರ್ ಇರುವುದು ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸಿನ ಮೇಲೆ. ಚಾಸಿ ನಂಬರನ್ನು ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಹ್ಯಾಂಡಲ್ ಕೂರುವ ಕತ್ತಿನ ಭಾಗದಲ್ಲಿ ಉಕ್ಕಿನ ಅಚ್ಚಿಟ್ಟು ಹೊಡೆದಿರುತ್ತಾರೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಗ್ರೀಸು, ಕೊಳೆ ಒರೆಸಿ, ಟಾರ್ಚನ್ನು ಎದುರಿನಿಂದ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿಯಬೇಕು. ಆಗ ಅಂಕಿಗಳ ಆಳ, ಸಾಲಿನ ಓರೆಕೋರೆ, ಸುತ್ತಲಿನ ಲೋಹದ ಮೇಲಿನ ಅರದ ಗೆರೆಗಳು ನೆರಳಿನಲ್ಲಿ ಎದ್ದು ಕಾಣುತ್ತವೆ. ಅಂಕಿಗಳಿರುವ ಜಾಗ ಅಕ್ಕಪಕ್ಕಕ್ಕಿಂತ ತಗ್ಗಿದ್ದು ನುಣ್ಣಗಿದ್ದರೆ ಅಲ್ಲಿ ಉಜ್ಜಿದ್ದಾರೆಂದು ಸಂಶಯಪಡಬೇಕು.

ಉಜ್ಜಿದರೂ ನಂಬರ್ ಸಾಮಾನ್ಯವಾಗಿ ಪೂರ್ತಿ ಅಳಿಯುವುದಿಲ್ಲ. ಅಚ್ಚನ್ನು ಸುತ್ತಿಗೆಯಿಂದ ಹೊಡೆದಾಗ ಉಕ್ಕಿನ ಸಣ್ಣ ಸಣ್ಣ ಹರಳುಗಳು ಅಂಕಿಯ ತಳದಲ್ಲಿ ಮಾತ್ರವಲ್ಲ, ಅದಕ್ಕೂ ಕೆಳಗೆ ಒಂದಷ್ಟು ಆಳದವರೆಗೆ ಅದುಮಿ ವಿರೂಪಗೊಳ್ಳುತ್ತವೆ. ಕಣ್ಣಿಗೆ ಕಾಣುವ ಅಂಕಿ ಅರಕ್ಕೆ ಸಿಕ್ಕಿ ಹೋದರೂ ಈ ಒತ್ತಡದ ಪದರ ಕೆಳಗೆ ಉಳಿದಿರುತ್ತದೆ. ಅದರೊಳಗೆ ಶಕ್ತಿ ಸಂಗ್ರಹವಾಗಿರುವುದರಿಂದ ಆಮ್ಲ ಅದನ್ನು ಸುತ್ತಲಿನ ಲೋಹಕ್ಕಿಂತ ಬೇಗ ತಿನ್ನುತ್ತದೆ. ಉಕ್ಕಾದರೆ ತಾಮ್ರದ ಕ್ಲೋರೈಡ್ ಬೆರೆತ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಳಸುತ್ತಾರೆ. ಅಲ್ಯೂಮಿನಿಯಂಗೆ ಬೇರೆ ದ್ರಾವಣ ಬೇಕು. ನಯಗೊಳಿಸಿದ ಜಾಗಕ್ಕೆ ಹತ್ತಿಯಿಂದ ಸವರುತ್ತ ಹೋದಂತೆ ಹಳೆಯ ಅಂಕಿಗಳು ಮಸುಕಾಗಿ ಮೇಲೇಳುತ್ತವೆ. ಕಳವಾದ ವಾಹನಗಳ ತನಿಖೆಯಲ್ಲಿ ಬೆಂಗಳೂರಿನ ಮಡಿವಾಳದಲ್ಲಿರುವಂಥ ವಿಧಿವಿಜ್ಞಾನ ಪ್ರಯೋಗಾಲಯಗಳು ನೆಚ್ಚಿಕೊಳ್ಳುವ ವಿದ್ಯೆ ಇದು. ತೀರಾ ಆಳಕ್ಕೆ ಉಜ್ಜಿದ್ದರೆ ಅಥವಾ ಬೆಸುಗೆಯ ಕಾವಿನಲ್ಲಿ ಹರಳುಗಳು ಹೊಸದಾಗಿ ಕಟ್ಟಿಕೊಂಡಿದ್ದರೆ ಫಲ ಸಿಗದು. ಕೊಳ್ಳುವವರು ತಾವೇ ಆಮ್ಲ ಹಚ್ಚುವ ಸಾಹಸಕ್ಕೆ ಇಳಿಯಬಾರದು: ಅಪಾಯ ಒಂದೆಡೆ, ಸಾಕ್ಷ್ಯ ಕೆಡಿಸಿದ ಹೊಣೆ ಇನ್ನೊಂದೆಡೆ. ನಂಬರಿನ ಮೇಲೆ ಸಂಶಯ ಬಂದರೆ ಮುಂಗಡ ಕೊಡದೆ ಎದ್ದು ಬರುವುದೇ ಸರಿ.

ಟ್ಯಾಂಕು, ಮಡ್‌ಗಾರ್ಡುಗಳಿಗೆ ತೆಳು ಬಟ್ಟೆ ಸುತ್ತಿದ ಆಯಸ್ಕಾಂತ ಸಾಕು. ಬರಿಯ ಬಣ್ಣದ ಪದರ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನದು. ಅದರ ಮೂಲಕ ಆಯಸ್ಕಾಂತ ಬಿಗಿಯಾಗಿ ಹಿಡಿಯುತ್ತದೆ. ತಗಡು ತೂತಾಗಿ ಅಥವಾ ನಜ್ಜಾಗಿ ಮಿಲಿಮೀಟರುಗಟ್ಟಲೆ ಪುಟ್ಟಿ ಮೆತ್ತಿರುವ ಕಡೆ ಹಿಡಿತ ಸಡಿಲವಾಗುತ್ತದೆ. ಬಣ್ಣದ ದಪ್ಪ ಅಳೆಯುವ ಮೀಟರು ಇದೇ ಕಾಂತತ್ವವನ್ನು ಅಂಕಿಯಲ್ಲಿ ತೋರಿಸುತ್ತದೆ. ಹೊಳಪಿಗೆ ಮರುಳಾಗಬಾರದು. ಮಾಸಿದ ಮೂಲ ಬಣ್ಣವಿರುವ ಗಾಡಿ ಹೊಸ ಬಣ್ಣದ ಗಾಡಿಗಿಂತ ಎಷ್ಟೋ ಪಾಲು ಬೆಲೆಬಾಳುವಂಥದ್ದು; ಅದರ ಮೇಲೆ ಮುಚ್ಚಿಟ್ಟಿದ್ದು ಕಡಿಮೆ.

ನಟ್ಟು ಬೋಲ್ಟುಗಳೂ ಮಾತಾಡುತ್ತವೆ. ಜಾವಾ ಯುರೋಪಿನ ವಿನ್ಯಾಸವಾದ್ದರಿಂದ ಅದರ ಬೋಲ್ಟುಗಳ ಮರೆಗಳೆಲ್ಲ (ಥ್ರೆಡ್) ಮಿಲಿಮೀಟರ್ ಲೆಕ್ಕದವು. ಇಂಗ್ಲೆಂಡಿನ ವಿನ್ಯಾಸದ ಹಳೆ ಬುಲೆಟ್‌ನಲ್ಲಿ ಇಂಚಿನ ಮರೆಗಳು. ಜಾವಾದಲ್ಲಿ ಇಂಚಿನ ಬೋಲ್ಟು ಸಿಕ್ಕರೆ, ಮರೆ ಸವೆದ ತೂತಿಗೆ ಯಾರೋ ಕೈಗೆ ಸಿಕ್ಕಿದ್ದನ್ನು ಬಿಗಿದಿದ್ದಾರೆ. ಸಿಲಿಂಡರಿನ ಅಳತೆಯೂ ಒಂದು ದಾಖಲೆ. 250 ಜಾವಾದ ಬೋರು 65 ಮಿ.ಮೀ., ಸ್ಟ್ರೋಕು 75 ಮಿ.ಮೀ.; ಲೆಕ್ಕ ಹಾಕಿದರೆ ಸುಮಾರು 249 ಸಿ.ಸಿ. ಬರುತ್ತದೆ. ರೀಬೋರ್ ಮಾಡಿಸಿದಷ್ಟೂ ಈ 65 ಹಿಗ್ಗುತ್ತ ಹೋಗುವುದರಿಂದ, ಹೆಡ್ ಬಿಚ್ಚಿದಾಗ ಪಿಸ್ಟನ್ ತಲೆಯ ಮೇಲಿನ ಅಳತೆ ಓದಿದರೆ ಮಾರುವವರ ‘ಎಂಜಿನ್ ಬಿಚ್ಚೇ ಇಲ್ಲ’ ಎಂಬ ಮಾತು ಎಷ್ಟು ನಿಜವೆಂದು ಗೊತ್ತಾಗುತ್ತದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಒಳಕ್ಕೆ ಒತ್ತಿ ತಿರುಗಿಸಿದರೆ ಕಿಕ್ ಆಗುವ ಗೇರ್ ಲಿವರ್ ಈ ಗಾಡಿಯ ಗುರುತುಗಳು. ಇವು ಯೆಜ್ಡಿಯಲ್ಲೂ ಇರುವುದರಿಂದ, ಟ್ಯಾಂಕಿನ ಹೆಸರು ಬದಲಿಸಿ ಯೆಜ್ಡಿಯನ್ನು ಜಾವಾ ಎನ್ನುವವರಿದ್ದಾರೆ. ಆರ್‌ಸಿಯಲ್ಲಿನ ತಯಾರಿಕೆ ವರ್ಷ ಅಲ್ಲಿ ನೆರವಿಗೆ ಬರುತ್ತದೆ.

ಓಡಿಸಿ ನೋಡುವುದಕ್ಕೆ ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟ ಬೆಟ್ಟದ ದೇವಸ್ಥಾನಕ್ಕೆ ಹತ್ತುವ ತಿರುವಿನ ರಸ್ತೆ ಒಳ್ಳೆಯ ಜಾಗ. ಟು-ಸ್ಟ್ರೋಕ್ ಎಂಜಿನ್ ತಣ್ಣಗಿರುವಾಗ ಹೊಗೆಯಾಡುವುದು ಸಹಜ. ಕಾದ ಮೇಲೂ ಏರಿನಲ್ಲಿ ದಟ್ಟವಾದ ನೀಲಿ ಬಿಳುಪಿನ ಹೊಗೆ ನಿಲ್ಲದಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲು ಹೋಗಿ, ಗೇರ್ ಆಯಿಲ್ ಒಳಕ್ಕೆ ಎಳೆದುಕೊಂಡು ಉರಿಯುತ್ತಿರುವ ಸಾಧ್ಯತೆ ಹೆಚ್ಚು.

ಕಾಗದದ ಪರೀಕ್ಷೆ ಕೊನೆಗಾದರೂ ಹಗುರವಲ್ಲ. ಮೈಸೂರು ರಾಜ್ಯದ ಕಾಲದ ಗಾಡಿಗಳಿಗೆ ‘ಎಂವೈ’ ಎಂದು ಶುರುವಾಗುವ ನಂಬರುಗಳಿದ್ದವು. ಅರವತ್ತರ ದಶಕದ ಗಾಡಿಗೆ ಮಂಡ್ಯದ ಕೆಎ-11 ಅಥವಾ ನಾಗಮಂಗಲದ ಕೆಎ-54 ಇದ್ದರೆ ಅದು ಮರುನೋಂದಣಿಯಾದದ್ದು. ಯಾವಾಗ, ಏಕೆ ಎಂಬುದಕ್ಕೆ ಆರ್‌ಟಿಒ ದಾಖಲೆ ಕೇಳಬೇಕು. ಎಂಜಿನ್ ಬದಲಾಗಿದ್ದರೆ ಅದೂ ಆರ್‌ಸಿಯಲ್ಲಿ ನಮೂದಾಗಿರಬೇಕು. ಕೇಂದ್ರ ಸರ್ಕಾರದ 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ ಮತ್ತು ಎಂಜಿನ್ ಮೂಲ ರೂಪದಲ್ಲೇ ಇರುವ ವಾಹನಕ್ಕೆ ಮಾತ್ರ ವಿಂಟೇಜ್ ನೋಂದಣಿ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಆದರೆ ಆ ನಂಬರಿನಲ್ಲಿ ದಿನಬಳಕೆಗೆ ಅನುಮತಿಯಿಲ್ಲ. ಕೆ.ಆರ್. ಪೇಟೆ ಸಂತೆಗೂ ಪಾಂಡವಪುರದ ಹೊಲಕ್ಕೂ ಗಾಡಿ ಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಂಡು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ.