ನಿಮಗಿದು ಗೊತ್ತೇ? ಕೋಟೆಯ ಮೇಲೆ ಮೋಡ, ಉಪಗ್ರಹದ ಕಣ್ಣಿಗೆ ಮರೆ

ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹ ಬೆಳಗಾವಿಯನ್ನು ನೋಡುವುದು ಮಧ್ಯಾಹ್ನ ಒಂದೂವರೆಯ ಆಸುಪಾಸಿನಲ್ಲಿ. 2017ರ ಅಕ್ಟೋಬರ್ 13ರಂದು ಹಾರಿದ ಇದು ಸುಮಾರು 824 ಕಿ.ಮೀ. ಎತ್ತರದಲ್ಲಿ ಸುತ್ತುತ್ತದೆ. ಇದರಲ್ಲಿರುವ ಟ್ರೊಪೊಮಿ ಉಪಕರಣಕ್ಕೆ ನಮ್ಮ ಗಾಳಿ ತಾಗುವುದೇ ಇಲ್ಲ. ನೆಲಕ್ಕೆ ಬಡಿದು ಹಿಂದಿರುಗುವ ಬಿಸಿಲಿನಲ್ಲಿ ಯಾವ ಬಣ್ಣ ಎಷ್ಟು ಕುಂದಿದೆ ಎಂದು ನೋಡಿಯೇ ಅದು ನೈಟ್ರೋಜನ್ ಡೈಆಕ್ಸೈಡ್‌ನಂಥ ಅನಿಲಗಳ ಲೆಕ್ಕ ಕೊಡುತ್ತದೆ.

ಅದರ ನಕ್ಷೆಯ ಒಂದು ಚೌಕ 5.5 ಕಿ.ಮೀ. ಉದ್ದ, 3.5 ಕಿ.ಮೀ. ಅಗಲ. ರಟ್ಟ ಅರಸರ ಕಾಲದಲ್ಲಿ ಬೀಚಿರಾಜ 1204ರಲ್ಲಿ ಮೊದಲು ಕಟ್ಟಿಸಿದ ಬೆಳಗಾವಿ ಕೋಟೆ, ಅದರ ಕಂದಕ, ಕಮಲ ಬಸದಿ, ಕೋಟೆ ಕೆರೆ, ಬಸ್ ನಿಲ್ದಾಣ ಎಲ್ಲ ಹಿಡಿಸುವಷ್ಟು ದೊಡ್ಡದು. ಅಷ್ಟಕ್ಕೂ ಒಂದೇ ಅಂಕಿ.

ಆ ಚೌಕಕ್ಕೆ ಮೋಡ ಕವಿದರೆ ಬಿಸಿಲು ಮೋಡದ ನೆತ್ತಿಯಿಂದಲೇ ತಿರುಗಿ ಹೋಗುತ್ತದೆ. ಕೆಳಗಿನ ವಾಹನಗಳ ಹೊಗೆ ಕಾಣದು. ಹಿಂದಿರುಗಿದ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೋಡದ್ದಾದರೆ ಆ ಅಂಕಿಯನ್ನು ಸಾಮಾನ್ಯವಾಗಿ ಕೈಬಿಡುತ್ತಾರೆ.

ಅರೆಬರೆ ಮೋಡವಿದ್ದರೆ ತೊಡಕು ಇನ್ನೂ ಹೆಚ್ಚು. ಬೆಳ್ಳನೆಯ ಮೋಡದ ಹೊಳಪಿನಲ್ಲಿ ಅದರ ಮೇಲಿನ ಅನಿಲ ಎದ್ದು ಕಾಣುತ್ತದೆ, ಅಡಿಯದು ಮರೆಯಾಗುತ್ತದೆ. ಹಾಗಾಗಿ ಮೋಡ ಎಷ್ಟು ಎತ್ತರದಲ್ಲಿದೆ ಎಂಬುದು ತಿಳಿಯಲೇಬೇಕು. ತಿಳಿಸುವುದು ಯಾರು ಗೊತ್ತೇ? ಆಮ್ಲಜನಕ! ಗಾಳಿಯಲ್ಲಿ ಅದರ ಪಾಲು ಎಲ್ಲೆಡೆ ಸುಮಾರು 21%. 760 ನ್ಯಾನೊಮೀಟರ್ ಆಸುಪಾಸಿನ ಕೆಂಪು ಬೆಳಕನ್ನು ಅದು ಹೀರುತ್ತದೆ. ಬೆಳಕು ನೆಲ ಮುಟ್ಟಿ ಬಂದಿದ್ದರೆ ಹೆಚ್ಚು ಹೀರಿಹೋಗಿರುತ್ತದೆ. ಎತ್ತರದ ಮೋಡದಿಂದಲೇ ಮರಳಿದ್ದರೆ ಕಡಿಮೆ. ಈ ಅಂತರವೇ ಮೋಡದ ಎತ್ತರ ಹೇಳುತ್ತದೆ. ನಾವು ಉಸಿರಾಡುವ ಗಾಳಿಯನ್ನೇ ಅಳತೆಗೋಲಾಗಿಸಿದ ಈ ಉಪಾಯ ನನಗೆ ಬಹಳ ಮೆಚ್ಚುಗೆ.

ಇನ್ನು ಖಾನಾಪುರ. ಬೆಳಗಾವಿಯಿಂದ 26 ಕಿ.ಮೀ. ದೂರವಷ್ಟೇ, ಆದರೆ ಮಳೆಗಾಲದ ಮಾತೇ ಬೇರೆ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, ಭೀಮಗಡದ ಕಾಡಿನ ಮೇಲೆ ದಿನಗಟ್ಟಲೆ ಮೋಡ ಕದಲುವುದಿಲ್ಲ. ನಕ್ಷೆಯಲ್ಲಿ ಚೌಕಗಳು ಖಾಲಿ. ಖಾಲಿ ಎಂದರೆ ಗಾಳಿ ಶುದ್ಧ ಎಂದಲ್ಲ, ಅಳತೆಯೇ ಆಗಿಲ್ಲ ಎಂದರ್ಥ. ಮಳೆಗಾಲದ ಸರಾಸರಿ ಎಂದು ತೋರಿಸುವುದು ಮೋಡ ಬಿಟ್ಟ ದಿನಗಳದ್ದು ಮಾತ್ರ. ಮಳೆ ಗಾಳಿಯನ್ನು ತೊಳೆದ ದಿನಗಳು ಆ ಲೆಕ್ಕದಲ್ಲಿ ಸೇರುವುದೇ ಅಪರೂಪ.

2020ರ ಲಾಕ್‌ಡೌನ್‌ನಲ್ಲಿ ಭಾರತದ ಗಾಳಿ ತಿಳಿಯಾದದ್ದನ್ನು ತೋರಿಸಿದ ಉಪಗ್ರಹ ನಕ್ಷೆಗಳೂ ಒಂದು ದಿನದವಲ್ಲ, ಹಲವು ದಿನಗಳ ಸರಾಸರಿ. ಮೋಡದ ಕಾಟಕ್ಕೆ ಅದೇ ಮದ್ದು.

ಮಳೆ ನಿಂತ ಮೇಲೆ ಇಟ್ಟಂಗಿ ಭಟ್ಟಿಗಳು ಹೊತ್ತಿಕೊಳ್ಳುತ್ತವೆ, ಕಟಾವಾದ ಕಬ್ಬಿನ ಹೊಲದಲ್ಲಿ ರವದಿಗೆ, ಅಂದರೆ ಉಳಿದ ಒಣಗರಿಗೆ, ಬೆಂಕಿ ಬೀಳುತ್ತದೆ. ಆಕಾಶವೇನೋ ತಿಳಿ. ಆದರೆ ಸಂಜೆ ಹಚ್ಚಿದ ಬೆಂಕಿಯ ಹೊಗೆ, ಮರುದಿನ ಮಧ್ಯಾಹ್ನದ ಹೊತ್ತಿಗೆ ಚದುರಿರುತ್ತದೆ. ದಟ್ಟ ಹೊಗೆಯನ್ನೇ ಮೋಡವೆಂದು ಬಗೆದು ಗಣಕ ತಳ್ಳಿಹಾಕುವುದೂ ಉಂಟು.

ಮೋಡದ ಅಕ್ಕಪಕ್ಕದಲ್ಲೂ ತೊಡಕುಂಟು. ಅದರ ಅಂಚಿನ ತೇವ ಹೀರಿ ಧೂಳು-ಹೊಗೆಯ ಕಣಗಳು ಉಬ್ಬುತ್ತವೆ. ಆಗ ಕಣಗಳು ಇದ್ದಷ್ಟೇ ಇದ್ದರೂ ಮಬ್ಬು ಹೆಚ್ಚಿದಂತೆ ಕಾಣುತ್ತದೆ.

2016ರಲ್ಲಿ ಹಾರಿದ ನಮ್ಮ ದೇಶದ ಉಪಗ್ರಹ ಇನ್‌ಸ್ಯಾಟ್-3ಡಿಆರ್ ಸುಮಾರು 36,000 ಕಿ.ಮೀ. ಎತ್ತರದಿಂದ ಅರ್ಧ ಗಂಟೆಗೊಮ್ಮೆ ಚಿತ್ರ ತೆಗೆಯಬಲ್ಲದು. ಮೋಡ ಸರಿದ ಗಳಿಗೆ ಅದಕ್ಕೆ ಸಿಕ್ಕರೂ ಸಿಗಬಹುದು.

ರಾಡಾರ್ ಉಪಗ್ರಹಗಳು ಮೋಡವನ್ನು ತೂರಿ ನೆಲ ನೋಡುತ್ತವೆ, ಆದರೆ ಈ ಅನಿಲಗಳನ್ನು ಗುರುತಿಸಲಾರವು. ಆಷಾಢದಲ್ಲಿ ಕಣಕುಂಬಿಯ ಮಕ್ಕಳು ಉಸಿರಾಡುವ ಗಾಳಿಯಲ್ಲಿ ಏನಿದೆ ಎಂದು ತಿಳಿಯಬೇಕಾದರೆ, ಅಲ್ಲಿಯೇ ನೆಲದ ಮೇಲೆ ನಿಂತು ಗಾಳಿ ಎಳೆದುಕೊಂಡು ಅಳೆಯುವ ಯಂತ್ರವೇ ಬೇಕು.