1401ರ ದನಿ ಬಲ್ಲವರು

ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನ ಒಂದು ಕೋಣೆಯಲ್ಲಿ ಮಾತಾಡಬೇಕಾದರೆ ದನಿ ಏರಿಸಬೇಕು. 1403 ಎಂಬ ಪ್ರಿಂಟರ್ ಕೆಲಸಕ್ಕೆ ತೊಡಗಿದರಂತೂ ಏರಿಸಿದ ದನಿಯೂ ಕೇಳಿಸುವುದು ಕಷ್ಟ. ಸಾಲಿಗೆ 132 ಅಕ್ಷರ, ನಿಮಿಷಕ್ಕೆ 600 ಸಾಲು. ಮಡಿಕೆ ಮಡಿಕೆಯಾದ ಅಗಲ ಕಾಗದ ಒಂದೇ ಸಮನೆ ಹೊರಬರುತ್ತದೆ. ಪಕ್ಕದಲ್ಲಿ ಕಾರ್ಡ್ ರೀಡರ್, ಅದರ ವೇಗ ನಿಮಿಷಕ್ಕೆ 800 ಕಾರ್ಡು. ಎರಡನ್ನೂ ನಡೆಸುವುದು ದೊಡ್ಡ ಬೀರುವಿನಂಥ ಪೆಟ್ಟಿಗೆಯಲ್ಲಿ ಕೂತಿರುವ ಐಬಿಎಂ 1401 ಕಂಪ್ಯೂಟರ್. 1959ರ ಅಕ್ಟೋಬರ್ 5ರಂದು ಪ್ರಕಟವಾಗಿ, 1971ರಲ್ಲಿ ಕಂಪನಿಯ ಪಟ್ಟಿಯಿಂದ ಹೊರಬಿದ್ದ ಮಾದರಿ ಇದು. ಆ ಕೋಣೆಯಲ್ಲಿ ಅಂಥವು ಎರಡಿವೆ. ಎರಡಕ್ಕೂ ಜೀವ ಕೊಟ್ಟವರು ಸಂಬಳವಿಲ್ಲದೆ ದುಡಿದ ಹವ್ಯಾಸಿಗಳು. ಅವರಲ್ಲಿ ಬಹಳ ಮಂದಿ ನಿವೃತ್ತ ಎಂಜಿನಿಯರುಗಳು.

ಮ್ಯೂಸಿಯಂ ಇರುವ ಕಟ್ಟಡದ ನಂಬರೂ 1401, ನಾರ್ತ್ ಶೋರ್‌ಲೈನ್ ಬುಲೆವಾರ್ಡ್. ಯಾರೂ ಬೇಕೆಂದು ಇಟ್ಟದ್ದಲ್ಲ, ಹಾಗೆ ಕೂಡಿಬಂದದ್ದು. ಗೂಗಲ್‌ನ ಮುಖ್ಯ ಕಚೇರಿ ಅಲ್ಲಿಂದ ದೂರವೇನಿಲ್ಲ, ಆ ಸುತ್ತಿನಲ್ಲಿ ನೌಕರಿಗಿರುವ ಕನ್ನಡಿಗರೂ ಕಡಿಮೆಯಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಗೋಲ್ಡನ್ ಗೇಟ್ ಸೇತುವೆ ನೋಡಲು ಕರೆದೊಯ್ಯುವವರು ಒಂದು ಮಧ್ಯಾಹ್ನವನ್ನು ಇಲ್ಲಿಗೂ ಮೀಸಲಿಡಬಹುದು. ಅಪ್ಪ ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲೋ ದೊಡ್ಡ ಕಾರ್ಖಾನೆಯ ಕಚೇರಿಯಲ್ಲೋ ದುಡಿದವರಾಗಿದ್ದರೆ, 80 ಕಾಲಮ್ಮಿನ ತೂತು ಕಾರ್ಡು ಕಂಡ ಕೂಡಲೇ ಗುರುತು ಹಿಡಿದಾರು. ಬಂದವರು ಕೀಪಂಚ್ ಯಂತ್ರದ ಮುಂದೆ ಕೂತು ತಮ್ಮ ಹೆಸರನ್ನೇ ಕಾರ್ಡಿನಲ್ಲಿ ತೂತು ಹೊಡೆದುಕೊಳ್ಳಬಹುದು. ಅದನ್ನು ಯಂತ್ರ ಓದಿ, ಹೆಸರನ್ನು ಅಚ್ಚು ಹಾಕಿ ಕೊಡುತ್ತದೆ.

1401 ಹುಟ್ಟಿದ್ದು ವಿಜ್ಞಾನಿಗಳಿಗಾಗಿ ಅಲ್ಲ, ಗುಮಾಸ್ತರಿಗಾಗಿ. ಅಲ್ಲಿಯವರೆಗೆ ದೊಡ್ಡ ಕಚೇರಿಗಳಲ್ಲಿ ಸಂಬಳ, ಬಿಲ್ಲು, ದಾಸ್ತಾನಿನ ಲೆಕ್ಕವನ್ನು ಪಂಚ್ ಕಾರ್ಡಿನ ಯಂತ್ರಗಳು ಮಾಡುತ್ತಿದ್ದವು. ಒಂದೊಂದು ಲೆಕ್ಕಕ್ಕೂ ಒಂದೊಂದು ಹಲಗೆಯಲ್ಲಿ ತಂತಿ ಸಿಕ್ಕಿಸಿ ಯಂತ್ರಕ್ಕೆ ಕಲಿಸಬೇಕಿತ್ತು. ಯುರೋಪಿನಲ್ಲಿ ಫ್ರಾನ್ಸಿನ ಬುಲ್ ಕಂಪನಿಯ ಗಾಮಾ 3 ಯಂತ್ರ ಐಬಿಎಂಗೆ ಪೈಪೋಟಿ ಒಡ್ಡಿದಾಗ ಹೊಸದೊಂದು ಬೇಕಾಯಿತು. ಫ್ರಾನ್ಸಿಸ್ ಅಂಡರ್‌ವುಡ್ ಎಂಬ ವಿನ್ಯಾಸಕಾರ ತಂತಿಯ ಹಲಗೆಯನ್ನೇ ಕೈಬಿಟ್ಟು, ಪ್ರೋಗ್ರಾಮನ್ನು ಮೆಮೊರಿಯಲ್ಲಿ ಇಡುವ ಯಂತ್ರವನ್ನು ರೂಪಿಸಿದರು. ಅದು ಲೆಕ್ಕ ಮಾಡುವುದು ನಮ್ಮ ಹಾಗೆಯೇ ಹತ್ತರ ಮಾನದಲ್ಲಿ, ಬಿಡಿಯ ಸ್ಥಾನದಿಂದ ಶುರುಮಾಡಿ ಒಂದೊಂದೇ ಅಂಕಿ ಕೂಡಿಸುತ್ತಾ. ಬಾಡಿಗೆ ತಿಂಗಳಿಗೆ 2,500 ಡಾಲರಿನಿಂದ ಶುರುವಾಗುತ್ತಿತ್ತು. ಹತ್ತು ಸಾವಿರಕ್ಕೂ ಹೆಚ್ಚು ಯಂತ್ರಗಳು ಲೋಕದ ಮೂಲೆ ಮೂಲೆಗೆ ಹೋದವು.

ಮೆಮೊರಿಯ ಮಾತು ಬಂದದ್ದಕ್ಕೆ ಇದನ್ನು ಹೇಳಬೇಕು. ಸಾಮಾನ್ಯವಾಗಿ ಅದು 4,000 ಅಕ್ಷರಗಳದ್ದು, ವಿಸ್ತರಿಸಿಕೊಂಡರೆ 16,000. ಒಂದೊಂದು ಅಕ್ಷರಕ್ಕೂ ಎಂಟು ಫೆರೈಟ್ ಉಂಗುರ, ಎಳ್ಳುಕಾಳಿಗಿಂತ ಚಿಕ್ಕವು, ಅವುಗಳ ನಡುವೆ ಹೆಣೆದ ತಂತಿ. 4,000 ಅಕ್ಷರಕ್ಕೆ 32,000 ಉಂಗುರಗಳಾದವು. ಈ ಲೇಖನದ ಅರ್ಧದಷ್ಟನ್ನೂ ಆ 4,000ದಲ್ಲಿ ಇಡಲಾಗದು.

ಮ್ಯೂಸಿಯಂಗೆ ಮೊದಲ ಯಂತ್ರ ಬಂದದ್ದು 2004ರಲ್ಲಿ, ಜರ್ಮನಿಯ ಹಮ್ ಎಂಬ ಊರಿನಿಂದ. ಎರಡನೆಯದು ಕೆಲವು ವರ್ಷಗಳ ನಂತರ ಕನೆಕ್ಟಿಕಟ್‌ನ ಡೇರಿಯನ್‌ನಿಂದ. ಅದರದ್ದು ಇನ್ನೂ ವಿಚಿತ್ರ ಕತೆ. ಮನೆಯ ನೆಲಮಾಳಿಗೆಯಲ್ಲಿ ಲೆಕ್ಕಪತ್ರದ ವ್ಯವಹಾರ ನಡೆಸುತ್ತಿದ್ದವರು ಅದನ್ನು 1990ರ ದಶಕದವರೆಗೂ ಬಳಸುತ್ತಿದ್ದರು. ಪರ್ಸನಲ್ ಕಂಪ್ಯೂಟರ್ ಮೇಜಿನ ಮೇಲೆ ಬಂದು ಕೂತ ಕಾಲದಲ್ಲೂ ಆ ನೆಲಮಾಳಿಗೆಯಲ್ಲಿ ಕಾರ್ಡು ಓಡುತ್ತಿತ್ತು. ಮರುಜೀವದ ಕೆಲಸದ ಮುಂದಾಳು ರಾಬರ್ಟ್ ಗಾರ್ನರ್, ಸನ್ ಮೈಕ್ರೋಸಿಸ್ಟಮ್ಸ್‌ನ ಸ್ಪಾರ್ಕ್ ಪ್ರೊಸೆಸರಿನ ವಿನ್ಯಾಸದಲ್ಲಿ ದುಡಿದವರು. ಆದರೆ ಆ ಕೋಣೆಯ ಬೆನ್ನೆಲುಬು ಎಂದರೆ ಐಬಿಎಂನ ಹಳೆಯ ಸರ್ವಿಸ್ ಎಂಜಿನಿಯರುಗಳು. ಅರವತ್ತರ ದಶಕದಲ್ಲಿ ಬಿಳಿ ಅಂಗಿ, ಟೈ ತೊಟ್ಟು, ಕೈಯಲ್ಲಿ ಸಲಕರಣೆಯ ಪೆಟ್ಟಿಗೆ ಹಿಡಿದು ಗಿರಾಕಿಗಳ ಕಚೇರಿಗೆ ಹೋಗುತ್ತಿದ್ದ ತಲೆಮಾರು ಅದು.

ಹಳೆಯ ಯಂತ್ರಕ್ಕೆ ಏಕಾಏಕಿ ಕರೆಂಟು ಕೊಡುವಂತಿಲ್ಲ. ಈ ಹವ್ಯಾಸಕ್ಕೆ ಬಂದವರಿಗೆ ಹೇಳಿಕೊಡುವ ಮೊದಲ ಪಾಠವೇ ಅದು. ಪವರ್ ಸಪ್ಲೈಯಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಒಳಗೆ ತೀರಾ ತೆಳುವಾದ ಆಕ್ಸೈಡ್ ಪದರವಿರುತ್ತದೆ. ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದರೆ ಅದು ಸವೆದು ಹೋಗುತ್ತದೆ. ಹಾಗೇ ಸ್ವಿಚ್ ಒತ್ತಿದರೆ ಕೆಪಾಸಿಟರ್ ಕಾದು ಒಡೆಯುವ ಅಪಾಯ. ಅದಕ್ಕೇ ಒಂದೊಂದನ್ನೂ ಬಿಚ್ಚಿ, ರೆಸಿಸ್ಟರಿನ ಮೂಲಕ ಸ್ವಲ್ಪ ಸ್ವಲ್ಪವೇ ವೋಲ್ಟೇಜ್ ಏರಿಸುತ್ತಾ ಗಂಟೆಗಟ್ಟಲೆ ಕಾಯಬೇಕು. ಪದರ ಮತ್ತೆ ಕಟ್ಟಿಕೊಂಡರೆ ಅದು ಉಳಿಯಿತು, ಇಲ್ಲವಾದರೆ ಬದಲಿಸಬೇಕು. ಜರ್ಮನಿಯ ಯಂತ್ರಕ್ಕೆ ಇನ್ನೊಂದು ತೊಡಕಿತ್ತು. ಅದು 50 ಸೈಕಲ್ಲಿನ ಕರೆಂಟಿಗೆ ಮಾಡಿದ್ದು, ಅಮೆರಿಕದ ಗೋಡೆಯಲ್ಲಿ ಬರುವುದು 60. ಅದಕ್ಕಾಗಿ ಬೇರೆಯೇ ಕನ್ವರ್ಟರ್ ಕೂಡಿಸಬೇಕಾಯಿತು.

ನಿಜವಾದ ತಾಳ್ಮೆಯ ಕೆಲಸ ಇರುವುದು ಕಾರ್ಡುಗಳಲ್ಲಿ. ತೂತಿನ ಕಾರ್ಡಲ್ಲ, ಸರ್ಕ್ಯೂಟ್ ಕಾರ್ಡು. ಯಂತ್ರದ ಬಾಗಿಲು ತೆರೆದು ಚೌಕಟ್ಟನ್ನು ಹೊರಕ್ಕೆಳೆದರೆ ಅಂಗೈಯಲ್ಲಿ ಹಿಡಿಯುವಂಥ ಸಾವಿರಾರು ಕಾರ್ಡುಗಳು ಸಾಲಾಗಿ ಸಿಕ್ಕಿಸಿರುವುದು ಕಾಣುತ್ತದೆ. ಒಂದೊಂದರಲ್ಲೂ ಕೆಲವೇ ಟ್ರಾನ್ಸಿಸ್ಟರು, ಅವೂ ಸಿಲಿಕಾನಿನವಲ್ಲ, ಜರ್ಮೇನಿಯಮ್ಮಿನವು. ತೇವದ ಜಾಗದಲ್ಲಿ ಇಟ್ಟಿದ್ದ ಯಂತ್ರವಾದರೆ ಟ್ರಾನ್ಸಿಸ್ಟರಿನ ಕಾಲುಗಳು ತುಕ್ಕು ಹಿಡಿದಿರುತ್ತವೆ. ಕೂಡಿಸುವಾಗ ಒಂದು ಅಂಕಿ ತಪ್ಪಾಗಿ ಬಂತೆನ್ನಿ. ದೊಡ್ಡ ಹಾಳೆಗಳಲ್ಲಿ ಮುದ್ರಿಸಿದ ಸರ್ಕ್ಯೂಟಿನ ನಕ್ಷೆ ಹರಡಿಕೊಂಡು, ಆಸಿಲೋಸ್ಕೋಪಿನ ಮೊನೆಯನ್ನು ಒಂದು ಪಿನ್ನಿನಿಂದ ಇನ್ನೊಂದಕ್ಕೆ ಇಡುತ್ತಾ ಹಿಂದಕ್ಕೆ ಹೋಗಬೇಕು. ಸಿಗ್ನಲ್ ಎಲ್ಲಿ ಸರಿಯಿದೆ, ಎಲ್ಲಿಂದ ಕೆಟ್ಟಿದೆ ಎಂಬ ಎರಡು ಜಾಗಗಳ ನಡುವಿನ ಕಾರ್ಡೇ ಅಪರಾಧಿ. ಅದನ್ನು ಕಿತ್ತು, ಕೆಟ್ಟ ಟ್ರಾನ್ಸಿಸ್ಟರನ್ನು ಬೆಸುಗೆ ಬಿಡಿಸಿ ತೆಗೆದು ಬೇರೆಯದನ್ನು ಹಾಕಬೇಕು. ಆ ಬೇರೆಯದೂ ಎಲ್ಲೋ ಡಬ್ಬಿಯಲ್ಲಿ ಬಳಸದೆ ಉಳಿದ ಹಳೆಯ ಸರಕೇ. ಒಂದೇ ಕೋಣೆಯಲ್ಲಿ ಎರಡು ಯಂತ್ರ ಇರುವುದರ ಲಾಭ ಇಲ್ಲಿದೆ. ಗುಮಾನಿ ಇರುವ ಕಾರ್ಡನ್ನು ಪಕ್ಕದ ಯಂತ್ರಕ್ಕೆ ಹಾಕಿ ನೋಡಬಹುದು, ತಪ್ಪು ಅದರ ಜೊತೆ ಹೋಯಿತೇ ಇಲ್ಲವೇ ಎಂದು.

ಮುಟ್ಟದೆ ಗಾಜಿನ ಹಿಂದೆ ಇಡುವುದೇ ಕ್ಷೇಮ ಎನ್ನುವ ಮ್ಯೂಸಿಯಂ ಪಂಡಿತರಿದ್ದಾರೆ. ನಡೆಸಿದಷ್ಟೂ ಯಂತ್ರ ಸವೆಯುತ್ತದೆ, ಭಾಗ ಬದಲಿಸಿದಷ್ಟೂ ಅದರ ಮೂಲತನ ಕಡಿಮೆಯಾಗುತ್ತದೆ ಎಂಬ ಅವರ ವಾದ ತಳ್ಳಿಹಾಕುವಂಥದ್ದಲ್ಲ. ಆದರೂ 1403 ಪ್ರಿಂಟರನ್ನು ಸುಮ್ಮನೆ ನಿಂತ ಪೆಟ್ಟಿಗೆಯಾಗಿ ನೋಡುವವರಿಗೆ ಅದರ ಜಾಣತನ ತಿಳಿಯುವ ದಾರಿಯೇ ಇಲ್ಲ. ಅದರೊಳಗೆ ಅಕ್ಷರಗಳ ಅಚ್ಚು ಕೂರಿಸಿದ ಸರಪಣಿಯೊಂದು ಕಾಗದದ ಎದುರು ಅಡ್ಡಡ್ಡ ಓಡುತ್ತಿರುತ್ತದೆ. 48 ಅಕ್ಷರಗಳ ಗುಂಪು ಐದು ಸಲ, ಒಟ್ಟು 240. ಕಾಗದದ ಹಿಂದೆ 132 ಸುತ್ತಿಗೆ. ಬೇಕಾದ ಅಕ್ಷರ ತನ್ನೆದುರಿಗೆ ಬಂದ ಆ ಗಳಿಗೆಗೇ ಸುತ್ತಿಗೆ ಹೊಡೆಯಬೇಕು, ಸರಪಣಿ ನಿಲ್ಲುವುದಿಲ್ಲ. ಆ ಕಾಲದ ಉರುಳೆ ಪ್ರಿಂಟರುಗಳಲ್ಲಿ ಹೊಡೆತ ಚೂರು ಆಚೀಚೆಯಾದರೆ ಅಕ್ಷರ ಮೇಲೆ ಕೆಳಗೆ ಸರಿದು ಸಾಲು ಡೊಂಕಾಗುತ್ತಿತ್ತು. ಇಲ್ಲಿ ಸರಿದರೂ ಪಕ್ಕಕ್ಕೆ ಸರಿಯುತ್ತದೆ. ಅಕ್ಷರಗಳ ನಡುವೆ ಕೂದಲೆಳೆ ಅಂತರ ಹೆಚ್ಚು ಕಡಿಮೆಯಾದರೆ ನಮ್ಮ ಕಣ್ಣಿಗೆ ಅದು ದೊಡ್ಡದಾಗಿ ಕಾಣುವುದಿಲ್ಲ. 1403ರ ಅಚ್ಚು ಅಂದಿನ ಕಚೇರಿಗಳಲ್ಲಿ ಹೆಸರು ಮಾಡಿದ್ದು ಈ ಕಾರಣಕ್ಕೆ.

ಯಾವ ಅಕ್ಷರ ಯಾವ ಕ್ರಮದಲ್ಲಿ ಬಂದರೆ ಸುತ್ತಿಗೆಗಳು ಯಾವ ಸ್ವರ ಹೊರಡಿಸುತ್ತವೆ ಎಂದು ಲೆಕ್ಕ ಹಾಕಿ ಆ ಪ್ರಿಂಟರಿನಿಂದ ಹಾಡು ನುಡಿಸುತ್ತಿದ್ದ ಪ್ರೋಗ್ರಾಮರುಗಳೂ ಇದ್ದರು. ಯಂತ್ರದ ಸದ್ದಿಗೆ ಕಿವಿಗೊಡುವುದು ಅವರಿಗೆ ಆಟವಾದರೆ ರಿಪೇರಿಯವರಿಗೆ ಅದೇ ವಿದ್ಯೆ. ಕಾರ್ಡ್ ರೀಡರಿನ ಕ್ಲಚ್ ಹಿಡಿಯುವ ಸದ್ದು, ಪ್ರಿಂಟರಿನ ಹೈಡ್ರಾಲಿಕ್ ಪಂಪಿನ ಗುಂಯ್‌ಗುಡುವಿಕೆ, ಬೆಲ್ಟು ಸಡಿಲವಾದಾಗ ಬರುವ ವ್ಯತ್ಯಾಸ, ಇವುಗಳ ಕೈಪಿಡಿ ಯಾವುದೂ ಇಲ್ಲ.

ಕಿವಿಯ ವಿಷಯದಲ್ಲಿ 1401ಕ್ಕೆ ಐಸ್‌ಲ್ಯಾಂಡಿನಲ್ಲಿ ಒಂದು ಅಪೂರ್ವ ಅಧ್ಯಾಯವಿದೆ. 1964ರಲ್ಲಿ ಆ ದ್ವೀಪಕ್ಕೆ 1401 ಬಂತು. ಅದನ್ನು ನೋಡಿಕೊಳ್ಳುವ ಮುಖ್ಯ ಎಂಜಿನಿಯರ್ ಯೋಹಾನ್ ಗುನ್ನಾರ್ಸ್‌ಸನ್. ಮೆಮೊರಿ ಕೆಲಸ ಮಾಡುವಾಗ ಹೊರಸೂಸುವ ವಿದ್ಯುತ್ಕಾಂತೀಯ ಅಲೆಗಳು ಪಕ್ಕದಲ್ಲಿಟ್ಟ ರೇಡಿಯೋದಲ್ಲಿ ಗುಂಗುಡುವ ಸದ್ದಾಗಿ ಕೇಳುತ್ತಿದ್ದವು. ಪ್ರೋಗ್ರಾಮು ಬದಲಾದರೆ ಸದ್ದಿನ ಏರಿಳಿತವೂ ಬದಲಾಗುತ್ತಿತ್ತು. ಹಾಗಾದರೆ ಬೇಕಾದ ಸ್ವರ ಬರುವಂತೆಯೇ ಪ್ರೋಗ್ರಾಮು ಬರೆದರೆ? ಯೋಹಾನ್ ಬರೆದರು. ಲೆಕ್ಕ ಮಾಡಲು ಹುಟ್ಟಿದ ಯಂತ್ರ ಐಸ್‌ಲ್ಯಾಂಡಿನ ಧಾಟಿಗಳನ್ನು ಹಾಡಿತು. 1971ರಲ್ಲಿ ಅದನ್ನು ಕೆಲಸದಿಂದ ಇಳಿಸುವಾಗ ಜೊತೆಗಾರರೆಲ್ಲ ಸೇರಿ ಬೀಳ್ಕೊಡುಗೆಯ ಸಮಾರಂಭವನ್ನೇ ಮಾಡಿ, ಆ ಹಾಡನ್ನು ಟೇಪಿನಲ್ಲಿ ತುಂಬಿಸಿಕೊಂಡರು.

ಟೇಪು ಮನೆಯಲ್ಲಿ ಉಳಿಯಿತು. ಯೋಹಾನರ ಮಗ ಯೋಹಾನ್ ಯೋಹಾನ್ಸನ್ ಮುಂದೆ ಲೋಕವೇ ಬಲ್ಲ ಸಂಗೀತಕಾರರಾದರು. ಅವರು ಅಪ್ಪನ ಆ ಟೇಪನ್ನು ಬಳಸಿ, ಅದರ ಸುತ್ತ ತಂತಿವಾದ್ಯಗಳ ಮೇಳ ಕಟ್ಟಿ 2006ರಲ್ಲಿ ಒಂದು ಆಲ್ಬಂ ತಂದರು. ಅದರ ಹೆಸರೇ ‘ಐಬಿಎಂ 1401, ಎ ಯೂಸರ್ಸ್ ಮ್ಯಾನ್ಯುಯಲ್’. ಮಗ 2018ರಲ್ಲಿ ತೀರಿಕೊಂಡರು. ಕಂಪ್ಯೂಟರಿನ ಹಾಡಿಗೆ ಆರ್ಕೆಸ್ಟ್ರಾ ದನಿಗೂಡಿಸುವುದನ್ನು ಕೇಳಿದವರಿಗೆ, ಒಬ್ಬ ಎಂಜಿನಿಯರ್ ತಾನು ನೋಡಿಕೊಂಡ ಯಂತ್ರವನ್ನು ಎಷ್ಟು ಹತ್ತಿರದಿಂದ ಬಲ್ಲವನಾಗಿದ್ದ ಎಂಬುದನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಭಾರತಕ್ಕೂ 1401ಕ್ಕೂ ಹಳೆಯ ನಂಟು. 1961ರಲ್ಲಿ ಮುಂಬಯಿಯ ಎಸ್ಸೋ ತೈಲ ಕಂಪನಿಗೆ ಮೊದಲ 1401 ಬಂತು. ಆಮೇಲೆ ಬಂದವುಗಳಲ್ಲಿ ಬಹಳಷ್ಟು, ಬೇರೆ ದೇಶಗಳಲ್ಲಿ ಬಳಸಿ ಬಿಟ್ಟ ಯಂತ್ರಗಳು. ಅವನ್ನು ಐಬಿಎಂ ಮುಂಬಯಿಯ ತನ್ನ ಕಾರ್ಖಾನೆಯಲ್ಲಿ ಬಿಚ್ಚಿ, ದುರಸ್ತಿ ಮಾಡಿ ಬಾಡಿಗೆಗೆ ಕೊಡುತ್ತಿತ್ತು. ಹೊರಗೆ ಹಳತಾದದ್ದನ್ನು ನಮಗೆ ಹೊಸದರ ಬೆಲೆಗೆ ಕೊಡುತ್ತಾರೆಂಬ ಟೀಕೆ ಸಂಸತ್ತಿನ ಸಮಿತಿಯವರೆಗೂ ಹೋಯಿತು, ಆ ಸಿಟ್ಟಿನಲ್ಲಿ ನ್ಯಾಯವಿತ್ತು. ಅರವತ್ತರ ದಶಕದ ಕೊನೆಯ ಹೊತ್ತಿಗೆ ರೈಲ್ವೆಯ ವಲಯ ಕಚೇರಿಗಳಿಗೂ 1401 ಕಾಲಿಟ್ಟಿತ್ತು. ವಿದೇಶಿ ವಿನಿಮಯ ಕಾಯಿದೆಯ ಪ್ರಕಾರ ಭಾರತೀಯರಿಗೆ ಪಾಲು ಬಿಟ್ಟುಕೊಡಲು ಒಪ್ಪದ ಐಬಿಎಂ 1978ರಲ್ಲಿ ಗಂಟುಮೂಟೆ ಕಟ್ಟಿತು. ಆಗ ಕೇಂದ್ರದ ಕೈಗಾರಿಕಾ ಸಚಿವರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್.

ಕಂಪನಿ ಹೋಯಿತು, ಯಂತ್ರಗಳು ಉಳಿದವು. ಅವನ್ನು ನಡೆಸುವ ಹೊಣೆ ಸರಕಾರಿ ಕಂಪ್ಯೂಟರ್ ಮೆಂಟೆನೆನ್ಸ್ ಕಾರ್ಪೊರೇಷನ್ನಿನ, ಅಂದರೆ ಸಿಎಂಸಿಯ ಹೆಗಲಿಗೆ ಬಿತ್ತು. ತಯಾರಿಸಿದವರ ಬೆಂಬಲವಿಲ್ಲದೆ ದೇಶದ ಲೆಕ್ಕಪತ್ರ ನಿಲ್ಲದ ಹಾಗೆ ನೋಡಿಕೊಂಡ ಆ ಎಂಜಿನಿಯರುಗಳ ಕೆಲಸ, ಮೌಂಟನ್ ವ್ಯೂನಲ್ಲಿ ಈಗ ಹವ್ಯಾಸವಾಗಿ ನಡೆಯುವ ಕೆಲಸವೇ. ವ್ಯತ್ಯಾಸವೆಂದರೆ ಸಿಎಂಸಿಯವರ ಬೆನ್ನಿಗೆ ತಿಂಗಳ ಕೊನೆಯ ಸಂಬಳದ ಪಟ್ಟಿ ಇತ್ತು. ಸಿಎಂಸಿ 2001ರಲ್ಲಿ ಟಾಟಾ ಸಮೂಹದ ಕೈಗೆ ಹೋಗಿ, ಮುಂದೆ ಟಿಸಿಎಸ್‌ನಲ್ಲಿ ಕರಗಿಹೋಯಿತು.

ಎಲ್ಲರ ಮನೆಯಲ್ಲೂ 1401 ಹಿಡಿಸದು. ಇಂಗ್ಲೆಂಡಿನ ಬ್ಲೆಚ್‌ಲಿ ಪಾರ್ಕ್‌ನ ಕಂಪ್ಯೂಟರ್ ಮ್ಯೂಸಿಯಂನಲ್ಲಿ 1951ರ ಹಾರ್ವೆಲ್ ಡೆಕಟ್ರಾನ್ ಯಂತ್ರವನ್ನು 2012ರಲ್ಲಿ ಮತ್ತೆ ನಡೆಸಿದವರೂ ಸ್ವಯಂಸೇವಕರೇ. ಎರಡೂವರೆ ಟನ್ ತೂಕದ ಅದೂ ದೊಡ್ಡ ಸಂಸಾರವೇ. ಹೆಚ್ಚಿನ ಹವ್ಯಾಸಿಗಳು ಕೈಹಾಕುವುದು ಎಂಬತ್ತರ ದಶಕದ ಗೃಹ ಕಂಪ್ಯೂಟರುಗಳಿಗೆ. ಮಕ್ಕಳಿಗೆ ಕಂಪ್ಯೂಟರ್ ಕಲಿಸುವ 1984ರ ಕ್ಲಾಸ್ ಎಂಬ ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಆ ಸಾಲಿನದು. ಅದರ ಪವರ್ ಸಪ್ಲೈಯಲ್ಲಿರುವ ಕಾಗದದ ಕೆಪಾಸಿಟರುಗಳು ಬಿರುಕು ಬಿಟ್ಟು ತೇವ ಹೀರಿರುತ್ತವೆ, ಸ್ವಿಚ್ ಹಾಕಿದರೆ ಕೋಣೆಯ ತುಂಬ ಹೊಗೆ. ಅಟ್ಟದಲ್ಲೋ ಶಾಲೆಯ ಕಪಾಟಿನಲ್ಲೋ ಅಂಥದೊಂದು ಸಿಕ್ಕರೆ ಮೊದಲು ಅವನ್ನು ತೆಗೆದು ಹೊಸದು ಹಾಕಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೆಪಾಸಿಟರೂ ಸಿಗುತ್ತದೆ, ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನೂ ಸಿಗುತ್ತದೆ.

ಮೌಂಟನ್ ವ್ಯೂನ ತಂಡದಲ್ಲಿ ಶುರುವಿನಿಂದ ಇದ್ದ ಹಿರಿಯರಲ್ಲಿ ಕೆಲವರು ಈಗಿಲ್ಲ. ಕೆನ್ ಶಿರಿಫ್ ಅವರಂಥ ನಂತರದ ತಲೆಮಾರಿನವರು ಅವರ ಪಕ್ಕ ನಿಂತು ಕಲಿತು, ಕಲಿತದ್ದನ್ನು ಸರ್ಕ್ಯೂಟಿನ ಮಟ್ಟದಲ್ಲಿ ಬರೆದಿಡುತ್ತಿದ್ದಾರೆ. 1401ರಲ್ಲಿ ಮ್ಯಾಂಡೆಲ್‌ಬ್ರಾಟ್ ಎಂಬ ಗಣಿತದ ಚಿತ್ರವನ್ನು ಲೆಕ್ಕ ಹಾಕಿಸಿ 1403ರಲ್ಲಿ ಅಚ್ಚು ಹಾಕಿಸಿದವರು ಅವರು. ಅದಕ್ಕೆ ಹಿಡಿದದ್ದು 12 ನಿಮಿಷ. ನಮ್ಮಲ್ಲಿ ಆ ಪಕ್ಕ ನಿಲ್ಲುವ ಕೆಲಸ ಆಗಬೇಕಾದಷ್ಟು ಆಗಿಲ್ಲ. 1978ರಲ್ಲಿ ಇಪ್ಪತ್ತೈದರ ಹರೆಯದಲ್ಲಿದ್ದ ಎಂಜಿನಿಯರಿಗೆ ಈಗ ಎಪ್ಪತ್ತು ದಾಟಿದೆ. ಬಿಡಿಭಾಗ ಸಿಗದಾಗ ಏನು ಮಾಡಿದಿರಿ, ಯಾವ ಸದ್ದು ಕೇಳಿ ಯಾವ ಭಾಗ ಕೆಟ್ಟಿದೆಯೆಂದು ತಿಳಿಯುತ್ತಿತ್ತು ಎಂದು ಅವರನ್ನು ಕೇಳಲು ದೊಡ್ಡ ಅನುದಾನವೇನೂ ಬೇಡ. ಎಂಜಿನಿಯರಿಂಗ್ ಕಾಲೇಜಿನ ನಾಲ್ಕು ಹುಡುಗ ಹುಡುಗಿಯರು ಒಂದು ಮೊಬೈಲ್ ಫೋನು ಹಿಡಿದು ಅವರ ಮನೆ ಬಾಗಿಲಿಗೆ ಹೋದರೆ ಸಾಕು. ಯಂತ್ರವನ್ನು ಆಮೇಲೂ ಹುಡುಕಿಕೊಳ್ಳಬಹುದು.