ಅಡಕಗೊಳಿಸಿದ ಕ್ರಮವಿಧಿಗಳು

ಪತ್ರವನ್ನೋ ಚಿತ್ರವನ್ನೋ ಅಡಕಗೊಳಿಸಿ ಇಡುವುದು ಕಂಪ್ಯೂಟರು ಬಳಸುವವರಿಗೆ ಪರಿಚಿತವಾದ ಸಂಗತಿ. ಅದನ್ನು ಓದಬೇಕಾದಾಗ ನಾವೇ ಬಿಡಿಸಿಕೊಳ್ಳುತ್ತೇವೆ. ಆದರೆ ಯಂತ್ರವೇ ನೇರವಾಗಿ ನಡೆಸಬೇಕಾದ ಕ್ರಮವಿಧಿಯನ್ನು, ಎಂದರೆ ಪ್ರೋಗ್ರಾಮನ್ನು, ಹೀಗೆ ಅಡಕಗೊಳಿಸಿದರೆ ಬಿಡಿಸುವವರಾರು? ಬಿಡಿಸುವ ಬಗೆಯನ್ನು ಆ ಕಡತವೇ ತನ್ನೊಡನೆ ಹೊತ್ತಿರಬೇಕು. ಕೇಶಿರಾಜನು ‘ಶಬ್ದಮಣಿದರ್ಪಣ’ದ ಸೂತ್ರಗಳಿಗೆ ತಾನೇ ವೃತ್ತಿಯನ್ನೂ ಬರೆದಿಟ್ಟನಲ್ಲವೆ? ಇದೂ ಹಾಗೆಯೇ. ಕಡತವನ್ನು ನಡೆಸಿದೊಡನೆ ಅದರೊಳಗಿನ ಪುಟ್ಟ ಭಾಗವೊಂದು ಮೊದಲು ಎಚ್ಚೆತ್ತು, ಉಳಿದುದೆಲ್ಲವನ್ನೂ ಸ್ಮೃತಿಯಲ್ಲಿ ಮೂಲರೂಪಕ್ಕೆ ತಂದು, ಮುಂದಿನ ಕೆಲಸವನ್ನು ಅದಕ್ಕೆ ಒಪ್ಪಿಸಿ ಹಿಂದೆ ಸರಿಯುತ್ತದೆ.

ಇಂಥ ಸಂಕ್ಷೇಪಗಳಲ್ಲಿ ಹಲವಕ್ಕೆ ಮೂಲವಾದದ್ದು 1977ರಲ್ಲಿ ಲೆಂಪೆಲ್ ಮತ್ತು ಜಿವ್ ಎಂಬ ವಿದ್ವಾಂಸರು ಪ್ರಕಟಿಸಿದ ವಿಧಾನ. ಒಮ್ಮೆ ಬಂದ ಸಾಲು ಮತ್ತೆ ಬಂದರೆ ಅದನ್ನು ಪುನಃ ಬರೆಯುವುದಿಲ್ಲ. ಎಷ್ಟು ಹಿಂದೆ ಹೋಗಿ ಎಷ್ಟನ್ನು ತೆಗೆದುಕೊಳ್ಳಬೇಕೆಂಬ ಗುರುತನ್ನಷ್ಟೇ ಇಡುತ್ತಾರೆ. 1.44 ಮೆಗಾಬೈಟಿನ ಫ್ಲಾಪಿಯೇ ಸಾಗಣೆಯ ಗಾಡಿಯಾಗಿದ್ದ ದಿನಗಳಲ್ಲಿ ಇದೊಂದು ವರವೇ ಆಗಿತ್ತು. 1990ರ ಸುಮಾರಿಗೆ ಫ್ರಾನ್ಸಿನ ತರುಣ ಫ್ಯಾಬ್ರಿಸ್ ಬೆಲ್ಲಾರ್ ರಚಿಸಿದ ಎಲ್‌ಝಡ್‌ಇಎಕ್ಸ್‌ಇ ಬಹು ಬೇಗ ಪ್ರಚಾರಕ್ಕೆ ಬಂದಿತು. ಇಂದಿಗೂ ಬಳಕೆಯಲ್ಲಿರುವ ಯುಪಿಎಕ್ಸ್, ಅದರ ಕರ್ತೃಗಳು ಹೇಳುವಂತೆ, ಕಡತದ ಗಾತ್ರವನ್ನು ಸಾಮಾನ್ಯವಾಗಿ ಶೇಕಡಾ 50ರಿಂದ 70ರಷ್ಟು ತಗ್ಗಿಸುತ್ತದೆ.

ಈ ಉಳಿತಾಯ ಡಿಸ್ಕಿನಲ್ಲಿ ಮಾತ್ರ ಎಂಬುದನ್ನು ಗಮನಿಸಬೇಕು. ಸಾಮಾನ್ಯ ಕ್ರಮವಿಧಿಯಲ್ಲಿ ಬೇಕಾದ ಪುಟಗಳನ್ನಷ್ಟೇ ಬೇಕಾದಾಗ ಸ್ಮೃತಿಗೆ ತರಿಸಿಕೊಳ್ಳುವ ಸೌಕರ್ಯವುಂಟು. ಅದೇ ಕ್ರಮವಿಧಿಯನ್ನು ಎರಡು ಕಡೆ ತೆರೆದರೆ ಆ ಪುಟಗಳನ್ನು ಇಬ್ಬರೂ ಹಂಚಿಕೊಳ್ಳಬಹುದು. ಅಡಕಗೊಂಡದ್ದು ಮೊದಲಿಗೇ ಪೂರ್ತಿ ಬಿಚ್ಚಿಕೊಳ್ಳಬೇಕು, ಪ್ರತಿಯೊಂದು ಸಲವೂ ತನ್ನ ಪಾಲಿನ ಸ್ಥಳವನ್ನು ಬೇರೆಯಾಗಿ ಬೇಡಬೇಕು. ಪೆಟ್ಟಿಗೆಯಲ್ಲಿ ಉಳಿಸಿದ್ದನ್ನು ಹಜಾರದಲ್ಲಿ ಕಳೆದಂತಾಯಿತು.

ಇದಕ್ಕಿಂತ ದೊಡ್ಡದು ನಂಬಿಕೆಯ ಪ್ರಶ್ನೆ. ಹೊರಗಿನಿಂದ ನೋಡುವವನಿಗೆ ಅಡಕಗೊಂಡ ಕಡತದಲ್ಲಿ ಕಾಣುವುದು ಅರ್ಥವಾಗದ ಅಂಕಿಗಳ ರಾಶಿ. ವೈರಸ್ ರಚಿಸುವವರಿಗೆ ಈ ಮರೆ ಬಹಳ ಅನುಕೂಲವಾದ್ದರಿಂದ ಅವರು ಇದನ್ನು ಧಾರಾಳವಾಗಿ ಬಳಸಿದರು. ಯುಪಿಎಕ್ಸ್‌ನಿಂದ ಅಡಕಗೊಳಿಸಿದ್ದನ್ನು ಅದರಿಂದಲೇ ಬಿಡಿಸಿ ನೋಡಬಹುದು, ನಿಜ; ಆದರೆ ದುರುದ್ದೇಶವುಳ್ಳವರು ತಲೆಬರಹವನ್ನು ಕೆಡಿಸಿ ಆ ದಾರಿಯನ್ನೂ ಮುಚ್ಚುತ್ತಾರೆ. ಹೀಗಾಗಿ ವೈರಸ್ ನಿರೋಧಕಗಳು ಅಡಕಗೊಂಡದ್ದನ್ನು ಕಂಡರೆ ಸಾಕು, ಸಂಶಯಪಡುವುದುಂಟು. ಡಿಜಿಟಲ್ ಸಹಿ ಹಾಕಿದ ಮೇಲೆ ಅಡಕಗೊಳಿಸಿದರಂತೂ ಕಡತವೇ ಬದಲಾಗಿ ಆ ಸಹಿ ನಿರರ್ಥಕವಾಗುತ್ತದೆ.

ಈ ಸಂಶಯದ ಬಿಸಿ ನನಗೂ ತಟ್ಟಿದೆ. ಹಳಗನ್ನಡ ಕಾವ್ಯಗಳಿಗೆ ಪದಸೂಚಿ ಸಿದ್ಧಪಡಿಸುವ ಪುಟ್ಟ ಕ್ರಮವಿಧಿಯೊಂದನ್ನು ನನ್ನ ಹಳೆಯ ಶಿಷ್ಯನೊಬ್ಬ ರಚಿಸಿ, ಗುರುಗಳಿಗೆ ಹೊರೆಯಾಗದಿರಲೆಂದು ಅಡಕಗೊಳಿಸಿ ಕೊಟ್ಟಿದ್ದ. ಗ್ರಂಥಾಲಯವೊಂದರಲ್ಲಿ ಅದನ್ನು ತೆರೆಯಹೋದಾಗ ಅಲ್ಲಿನ ನಿರೋಧಕ ಕೇಳದೆ ಹೇಳದೆ ಅದನ್ನು ಅಳಿಸಿಹಾಕಿತು. ಗ್ರಂಥಪಾಲಕರು ನನ್ನತ್ತ ಬೀರಿದ ನೋಟವನ್ನು ಮರೆಯಲಾರೆ. ಮರುವಾರ ಶಿಷ್ಯನು ಅಡಕಗೊಳಿಸದ ಪ್ರತಿಯನ್ನೇ ಕಳುಹಿಸಿದ. ಗಾತ್ರ ಎರಡು ಪಟ್ಟಿಗೂ ಮೀರಿತ್ತು, ಯಾರೂ ಆಕ್ಷೇಪಿಸಲಿಲ್ಲ. ಗ್ರಂಥಪಾಲಕರು ಮಾತ್ರ ಅದನ್ನು ಎರಡೆರಡು ಸಲ ಪರೀಕ್ಷಿಸಿದ ಮೇಲೆಯೇ ನನಗೆ ಕುರ್ಚಿ ತೋರಿಸಿದರು.